ಭಾರೀ ಹೆಲಿಕಾಪ್ಟರಿನ ಬಿಡಿಭಾಗ: ಅಳತೆ ಸರಿಯಿದ್ದರೆ ಸಾಲದು

ಮಾನ್ಯರೇ,

ವಾಯುಪಡೆಯ ಭಾರೀ ಹೆಲಿಕಾಪ್ಟರುಗಳ ಬಿಡಿಭಾಗಕ್ಕೆ ಹೊರದೇಶಕ್ಕೆ ಹಣ ಸುರಿಯುವುದೇಕೆ, ನಮ್ಮ ಭೋಸರಿ, ಚಾಕಣದ ವರ್ಕ್‌ಶಾಪುಗಳಲ್ಲಿ ಅದರ ಹತ್ತನೇ ಒಂದು ಪಾಲು ಖರ್ಚಿನಲ್ಲಿ ಮಾಡಿಕೊಡಬಹುದಲ್ಲ ಎಂಬ ಮಾತು ಪುಣೆಯ ಕನ್ನಡಿಗ ಉದ್ಯಮಿಗಳ ನಡುವೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಫೋರ್ಜಿಂಗ್, ಹೀಟ್ ಟ್ರೀಟ್‌ಮೆಂಟ್, ಗೇರ್ ಗ್ರೈಂಡಿಂಗ್, ತಪಾಸಣೆ ಇವೇ ದಿನನಿತ್ಯದ ಕೆಲಸವಾಗಿರುವ ನಮಗೆ ಈ ಮಾತಿನಲ್ಲಿ ಅರ್ಧ ಸತ್ಯ ಕಾಣುತ್ತದೆ. ಇನ್ನರ್ಧ ಜೀವಕ್ಕೆ ಸಂಚಕಾರ ತರುವಂಥದ್ದು. ಯಾವ ಭಾಗವನ್ನು ಇಲ್ಲಿ ಮಾಡಬಹುದು, ಯಾವುದಕ್ಕೆ ಕೈ ಹಾಕಲೇಬಾರದು ಎಂಬುದನ್ನು ಬಿಡಿಸಿ ಹೇಳದೆ ಹುರುಪು ತುಂಬುವುದು ಸರಿಯಲ್ಲ ಎನ್ನಿಸಿ ಈ ಪತ್ರ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ಆದರೆ ವಿಷಯವೇ ಹಾಗಿದೆ.

ಮೊದಲು ಹಿನ್ನೆಲೆ. ನಮ್ಮ ವಾಯುಪಡೆ 1980ರ ದಶಕದ ಉತ್ತರಾರ್ಧದಲ್ಲಿ ಸೋವಿಯತ್ ಒಕ್ಕೂಟದಿಂದ ಮಿ-26 ಹೆಲಿಕಾಪ್ಟರುಗಳನ್ನು ತರಿಸಿಕೊಂಡಿತು. ಬಂದವು ಒಟ್ಟು 4. ನೆಲೆ ಚಂಡೀಗಢ. ಖಾಲಿ ತೂಕವೇ 28 ಟನ್ ಮೀರುವ, 20 ಟನ್ ಹೊರುವ, 56 ಟನ್ ತೂಕದೊಂದಿಗೆ ನೆಲ ಬಿಡುವ ಈ ಯಂತ್ರಕ್ಕೆ ಸಾಟಿಯಾದ ಇನ್ನೊಂದು ಹೆಲಿಕಾಪ್ಟರ್ ಇವತ್ತಿಗೂ ಸೇವೆಯಲ್ಲಿಲ್ಲ. ಹಿಮಾಲಯದ ರಸ್ತೆ ಕೆಲಸಕ್ಕೆ ಬುಲ್ಡೋಜರ್ ಒಯ್ದದ್ದು, 2013ರ ಉತ್ತರಾಖಂಡ ಪ್ರವಾಹದಲ್ಲಿ ಇಂಧನವನ್ನೂ ಭಾರಿ ಯಂತ್ರಗಳನ್ನೂ ಸಾಗಿಸಿದ್ದು ಇದೇ. 2010ರಲ್ಲಿ ಜಮ್ಮುವಿನಲ್ಲಿ ಒಂದು ಅಪಘಾತಕ್ಕೀಡಾಯಿತು. ಉಳಿದ ಮೂರನ್ನು ನೆಲದಲ್ಲಿ ಕೂರಿಸಿದ್ದು, ಯಂತ್ರವನ್ನು ಪೂರ್ತಿ ಬಿಚ್ಚಿ ಸರಿಪಡಿಸುವ ಓವರ್‌ಹಾಲ್ ಗಡುವು. ಒಂದೊಂದಾಗಿ ಗಡುವು ಮುಟ್ಟಿ, ಹಾರುವ ಮಿ-26 ಒಂದೂ ಇಲ್ಲದ ಸ್ಥಿತಿ ಬಂತು.

ಕಾರಣ ಸರಳ. ಇಡೀ ಯಂತ್ರವನ್ನು ಜೋಡಿಸುವುದು ರಷ್ಯಾದ ರೊಸ್ತೊವ್‌ನಲ್ಲಿ. ತಲಾ 11,400 ಅಶ್ವಶಕ್ತಿಯ ಎರಡು ಡಿ-136 ಎಂಜಿನ್ ತಯಾರಾಗುತ್ತಿದ್ದದ್ದು ಉಕ್ರೇನಿನ ಝಪೊರಿಝಿಯಾದಲ್ಲಿ, ಮೋಟರ್ ಸಿಚ್ ಕಾರ್ಖಾನೆಯಲ್ಲಿ. ಒಂದೇ ದೇಶವಾಗಿದ್ದಾಗ ಮಾಡಿಕೊಂಡ ಏರ್ಪಾಡು ಅದು. 2014ರ ನಂತರ ಆ ಎರಡು ದೇಶಗಳ ನಡುವೆ ಮಿಲಿಟರಿ ಸರಕಿನ ವ್ಯವಹಾರವೇ ಕಡಿಯಿತು, 2022ರ ಯುದ್ಧದ ನಂತರ ಕೇಳುವುದೇ ಬೇಡ. ರಷ್ಯಾ ಈಗ ಪಿಡಿ-8ವಿ ಎಂಬ ಬದಲಿ ಎಂಜಿನ್ನಿಗೆ ಕೈ ಹಾಕಿದೆ. ಕೊಳ್ಳುವಾಗ ಹೆಲಿಕಾಪ್ಟರಿನ ಬೆಲೆಯ ಜೊತೆಗೆ ಎಂಜಿನ್ ಎಲ್ಲಿ ಬಿಚ್ಚುತ್ತಾರೆ, ಗೇರ್‌ಬಾಕ್ಸ್ ಎಲ್ಲಿ ಬಿಚ್ಚುತ್ತಾರೆ ಎಂದು ಕೇಳಬೇಕು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬೋಯಿಂಗ್ ಕಂಪನಿಯ 15 ಚಿನೂಕ್ ಸಿಎಚ್-47ಎಫ್ ಹೆಲಿಕಾಪ್ಟರುಗಳ ಖರೀದಿಗೆ ಒಪ್ಪಂದವಾಯಿತು. ಮೊದಲ ನಾಲ್ಕು 2019ರ ಮಾರ್ಚ್ 25ರಂದು ಚಂಡೀಗಢದಲ್ಲಿ ಸೇವೆಗೆ ಸೇರಿದವು. ಗರಿಷ್ಠ ತೂಕ 22,680 ಕಿಲೋ, ಹೊರುವುದು ಸುಮಾರು 10 ಟನ್. ಮಿ-26ರ ಅರ್ಧ ಎನ್ನಿ. ಆದರೆ ಹೊಟ್ಟೆಯ ಕೆಳಗೆ ಮೂರು ಕೊಕ್ಕೆಗಳಿದ್ದು ತೋಪನ್ನು ಎರಡು ಕಡೆ ಬಿಗಿದು ತೂಗಾಡದಂತೆ ಒಯ್ಯಬಲ್ಲದು. ಮುಂದೊಂದು ಹಿಂದೊಂದು ರೋಟರ್ (ಮೇಲಿನ ದೊಡ್ಡ ಪಂಖ) ಇದ್ದು ಬಾಲದ ಪಂಖ ಇಲ್ಲದ್ದರಿಂದ ಎಂಜಿನ್ನಿನ ಶಕ್ತಿಯೆಲ್ಲ ಎತ್ತುವುದಕ್ಕೇ ಸಿಗುತ್ತದೆ, ಎತ್ತರದ ತೆಳು ಗಾಳಿಯಲ್ಲಿ ಇದು ದೊಡ್ಡ ಅನುಕೂಲ. 1961ರಲ್ಲಿ ಮೊದಲು ಹಾರಿದ ವಿನ್ಯಾಸ ಇದು. ಆಗ ತಲಾ 2,200 ಅಶ್ವಶಕ್ತಿಯಿದ್ದ ಟಿ55 ಎಂಜಿನ್ ಈಗ 4,777ಕ್ಕೆ ಬಂದಿದೆ. ಹೊರಗಿನಿಂದ ಅದೇ ಹೆಲಿಕಾಪ್ಟರ್, ಒಳಗಿನ ಭಾಗಗಳು ತಲೆಮಾರಿನಿಂದ ತಲೆಮಾರಿಗೆ ಬೇರೆ. ಹಳೆಯ ಮಾದರಿಯ ಭಾಗ ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗುವವರು ಪಾರ್ಟ್ ನಂಬರಿನ ಕೊನೆಯ ಡ್ಯಾಶ್ ನಂಬರನ್ನು ಮೊದಲು ನೋಡಬೇಕು. ಆ ಒಂದು ಅಂಕೆಯಲ್ಲಿ ಲೋಹ ಬದಲಾಗಿರಬಹುದು, ಬೇರಿಂಗ್ ಬದಲಾಗಿರಬಹುದು.

ಭಾರೀ ಹೆಲಿಕಾಪ್ಟರಿನ ಜೀವ ಇರುವುದು ಗೇರ್‌ಬಾಕ್ಸಿನಲ್ಲಿ. ಮಿ-26ರ ವಿಆರ್-26 ಗೇರ್‌ಬಾಕ್ಸ್ ಸುಮಾರು 20,000 ಅಶ್ವಶಕ್ತಿಯನ್ನು ತೆಗೆದುಕೊಂಡು 32 ಮೀಟರ್ ವ್ಯಾಸದ, ಎಂಟು ಬ್ಲೇಡಿನ ರೋಟರನ್ನು ನಿಮಿಷಕ್ಕೆ 132 ಸುತ್ತು ತಿರುಗಿಸುತ್ತದೆ. ಲೆಕ್ಕ ಹಾಕಿದರೆ ಟಾರ್ಕ್, ಅಂದರೆ ತಿರುಚುವ ಬಲ, 10 ಲಕ್ಷ ನ್ಯೂಟನ್ ಮೀಟರಿನ ಆಸುಪಾಸಿಗೆ ಬರುತ್ತದೆ. ಪುಣೆ ಸುತ್ತಮುತ್ತ ತಯಾರಾಗುವ ದೊಡ್ಡ ಲಾರಿಯ ಎಂಜಿನ್ ಕೊಡುವುದು 1,000 ಚಿಲ್ಲರೆ. ಚಿನೂಕ್‌ನಲ್ಲಿ ಎಂಜಿನ್ ಸುಮಾರು 15,000 ಸುತ್ತಿನಲ್ಲಿ ಓಡಿದರೆ ರೋಟರ್ 225 ಸುತ್ತಿನಲ್ಲಿ. ನಡುವೆ ಐದು ಗೇರ್‌ಬಾಕ್ಸ್: ಎಂಜಿನ್‌ಗೊಂದರಂತೆ ಎರಡು, ಎರಡರ ಶಕ್ತಿಯನ್ನು ಕೂಡಿಸುವ ಒಂದು, ಮುಂದಿನ ರೋಟರಿಗೊಂದು, ಹಿಂದಿನದಕ್ಕೊಂದು. ಎರಡೂ ರೋಟರಿನ ಬ್ಲೇಡುಗಳು ಒಂದರ ವೃತ್ತದೊಳಗೆ ಇನ್ನೊಂದು ಹಾಯುತ್ತವೆ. ಅವು ಡಿಕ್ಕಿಯಾಗದಂತೆ ತಾಳ ಹಿಡಿದಿರುವುದು ಈ ಗೇರು ಮತ್ತು ಶಾಫ್ಟುಗಳೇ. ಇಲ್ಲಿ ಒಂದು ಬೇರಿಂಗ್ ಹೋಯಿತೆಂದರೆ ಬ್ಲೇಡಿಗೆ ಬ್ಲೇಡು ಬಡಿಯುತ್ತದೆ. ಅಲ್ಲಿಗೆ ಮುಗಿಯಿತು.

ಇದು ಕಲ್ಪನೆಯಲ್ಲ. 1982ರ ಸೆಪ್ಟೆಂಬರ್ 11ರಂದು ಜರ್ಮನಿಯ ಮಾನ್‌ಹೈಮ್‌ನಲ್ಲಿ ಅಮೆರಿಕ ಸೇನೆಯ ಚಿನೂಕ್ ಬಿದ್ದು ಅದರಲ್ಲಿದ್ದ 46 ಮಂದಿಯೂ ಸತ್ತರು. ಭಾಗ ನಕಲಿಯಲ್ಲ, ವಿನ್ಯಾಸ ತಪ್ಪಲ್ಲ. ಗೇರ್‌ಬಾಕ್ಸ್ ಶುಚಿಮಾಡಲು ಅಕ್ರೋಟು ಚಿಪ್ಪಿನ ಪುಡಿಯನ್ನು ಒತ್ತಡದಿಂದ ಊದುವ ಪದ್ಧತಿಯಿತ್ತು. ಲೋಹಕ್ಕೆ ಗೀರು ಬೀಳುವುದಿಲ್ಲ, ಕೊಳೆ ಹೋಗುತ್ತದೆ ಎಂಬುದು ಅದರ ಗುಣ. ಆ ಪುಡಿ ಪೂರ್ತಿ ತೊಳೆದುಹೋಗದೆ ಎಣ್ಣೆ ಹರಿಯುವ ಸಣ್ಣ ದಾರಿಗಳಲ್ಲಿ ಕೂತಿತು. ಮುಂದಿನ ಗೇರ್‌ಬಾಕ್ಸಿನ ಪಿನಿಯನ್ (ಚಿಕ್ಕ ಗೇರ್) ಬೇರಿಂಗಿಗೆ ಎಣ್ಣೆ ಮುಟ್ಟಲಿಲ್ಲ.

ಎರಡನೆಯದು 1986ರ ನವೆಂಬರ್ 6ರದು. ಸ್ಕಾಟ್ಲೆಂಡಿನ ಸಂಬರ್ಗ್ ಬಳಿ ಸಮುದ್ರದ ತೈಲ ಕಾರ್ಮಿಕರನ್ನು ಕರೆತರುತ್ತಿದ್ದ ನಾಗರಿಕ ಚಿನೂಕ್ ಬಿದ್ದು 47 ಮಂದಿಯಲ್ಲಿ 45 ಮಂದಿ ತೀರಿಕೊಂಡರು. ಮುರಿದದ್ದು ಮುಂದಿನ ಗೇರ್‌ಬಾಕ್ಸಿನ ಸ್ಪೈರಲ್ ಬೆವೆಲ್ ರಿಂಗ್ ಗೇರ್, ಅಂದರೆ ಶಕ್ತಿಯ ದಿಕ್ಕು ತಿರುಗಿಸುವ ಉಂಗುರದಾಕಾರದ ಗೇರ್. ಅದೂ ಸುಧಾರಣೆಯೆಂದು ಮಾರ್ಪಡಿಸಿ ಹಾಕಿದ ಗೇರ್. ಮಾರ್ಪಾಡಿಗೆ ಒಪ್ಪಿಗೆ ಕೊಡುವಾಗ ಮಾಡಿದ ಪರೀಕ್ಷೆ ಸಾಲದಾಗಿತ್ತು, ಆಮೇಲಿನ ತಪಾಸಣೆಯೂ ಬಿರುಕನ್ನು ಹಿಡಿಯಲಿಲ್ಲ ಎಂದು ತನಿಖೆ ಹೇಳಿತು. ವಿನ್ಯಾಸ ಮಾಡಿದವರ ಕೈಯಲ್ಲೇ, ಡ್ರಾಯಿಂಗೂ ಲೆಕ್ಕವೂ ಎಲ್ಲ ಇದ್ದೂ, ಒಂದು ಬದಲಾವಣೆ ಹೀಗೆ ಕೈಕೊಟ್ಟಿತು. ಮಾದರಿ ತುಂಡನ್ನು ಅಳೆದು ನಕಲು ಮಾಡುತ್ತೇವೆ ಅನ್ನುವವರು ಇದನ್ನು ಎರಡು ಸಲ ಓದಬೇಕು.

ಏಕೆಂದರೆ ಗೇರಿನ ಹಲ್ಲಿನಲ್ಲಿ ಅಳತೆಗೆ ಸಿಗುವುದಕ್ಕಿಂತ ಸಿಗದಿರುವುದೇ ಹೆಚ್ಚು. ಹೆಲಿಕಾಪ್ಟರ್ ಗೇರಿಗೆ ಬಹುಮಟ್ಟಿಗೆ ಬಳಸುವುದು 9310 ಜಾತಿಯ ನಿಕ್ಕಲ್ ಉಕ್ಕು, ನಿರ್ವಾತದಲ್ಲಿ ಕರಗಿಸಿದ್ದು. ಸಾಧಾರಣ ಕುಲುಮೆಯ ಉಕ್ಕಿನಲ್ಲಿ ಉಳಿಯುವ ಕಲ್ಮಷದ ಕಣವೊಂದು ಮೇಲ್ಮೈಯ ಕೆಳಗೆ ಕೂತಿದ್ದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಹಲ್ಲಿನ ಹೊರಮೈಗೆ ಇಂಗಾಲ ಊಡಿಸಿ 60 ರಾಕ್‌ವೆಲ್ ಸಿ ಆಸುಪಾಸಿನ ಗಡಸುತನ ತರುತ್ತಾರೆ, ಒಳತಿರುಳು ಮಾತ್ರ ಮೆತ್ತಗಿದ್ದು ಏಟು ತಡೆಯಬೇಕು. ಆ ಗಡಸು ಪದರದ ಆಳ ಗ್ರೈಂಡಿಂಗ್ ಆದ ಮೇಲೆ ಹಲ್ಲಿನ ಎರಡೂ ಬದಿಗೆ ಸಮನಾಗಿ ಉಳಿಯಬೇಕು. ಹೀಟ್ ಟ್ರೀಟ್‌ಮೆಂಟಿನಲ್ಲಿ ಗೇರ್ ತುಸು ಸೊಟ್ಟಗಾದರೆ ಗ್ರೈಂಡಿಂಗಿನವನು ಆಕಾರ ಸರಿಮಾಡುವ ಭರದಲ್ಲಿ ಒಂದು ಬದಿಯ ಪದರವನ್ನು ಸವೆಸಿಬಿಡುತ್ತಾನೆ. ಅಳತೆ ಯಂತ್ರ ಪಾಸ್ ಮಾಡುತ್ತದೆ. ಭಾಗ ಕೆಟ್ಟಿರುತ್ತದೆ.

ಇನ್ನೊಂದು ರೋಗ ಗ್ರೈಂಡಿಂಗ್ ಬರ್ನ್. ಉಜ್ಜುವ ಕಲ್ಲು ಮೊಂಡಾಗಿದ್ದರೆ, ಕೂಲಂಟ್ (ತಂಪು ದ್ರವ) ಸರಿಯಾದ ಜಾಗಕ್ಕೆ ಬೀಳದಿದ್ದರೆ, ಫೀಡ್ (ಕಲ್ಲು ಮುನ್ನುಗ್ಗುವ ವೇಗ) ಹೆಚ್ಚಾದರೆ ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಸುಟ್ಟ ಪಟ್ಟೆ ಬೀಳುತ್ತದೆ. ಅಲ್ಲಿ ಗಡಸು ಇಳಿದಿರುತ್ತದೆ, ಬಿರುಕಿಗೆ ಎಡೆಕೊಡುವ ಎಳೆತ ಲೋಹದೊಳಗೆ ಉಳಿದಿರುತ್ತದೆ. ಇದನ್ನು ಹಿಡಿಯಲು ಗೇರನ್ನು ತೊಳೆದು, ಶೇ 3ರಿಂದ 5ರಷ್ಟು ನೈಟ್ರಿಕ್ ಆಮ್ಲದ ದ್ರಾವಣದಲ್ಲಿ ಕೆಲವು ಸೆಕೆಂಡು ಅದ್ದಿ, ತೊಳೆದು, ತಟಸ್ಥಗೊಳಿಸಿ ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಸರಿಯಿದ್ದ ಮೈ ಒಂದೇ ಸಮನೆ ಬೂದು ಬಣ್ಣಕ್ಕೆ ತಿರುಗುತ್ತದೆ. ಸುಟ್ಟ ಜಾಗ ಕಪ್ಪಾಗಿ ಎದ್ದು ಕಾಣುತ್ತದೆ, ಇನ್ನೂ ಹೆಚ್ಚು ಸುಟ್ಟಿದ್ದರೆ ಕಪ್ಪಿನ ನಡುವೆ ಬಿಳಿ. ನೋಡಿಯಾದ ಮೇಲೆ ಕೂಡಲೇ ಬೇಕ್ ಮಾಡಿ ಎಣ್ಣೆ ಹಚ್ಚದಿದ್ದರೆ ಪರೀಕ್ಷೆಯೇ ಭಾಗವನ್ನು ಕೆಡಿಸುತ್ತದೆ. ಅದಾದ ಮೇಲೆ ಶಾಟ್ ಪೀನಿಂಗ್. ಸಣ್ಣ ಗುಂಡುಗಳಿಂದ ಹಲ್ಲಿನ ಬುಡವನ್ನು ಬಡಿದು ಒತ್ತಡದ ಪದರ ಕೂರಿಸುವ ಈ ಕೆಲಸದ ತೀವ್ರತೆಯನ್ನು ಆಲ್ಮೆನ್ ಪಟ್ಟಿ ಎಂಬ ತೆಳು ಉಕ್ಕಿನ ಪಟ್ಟಿ ಆ ಬಡಿತಕ್ಕೆ ಎಷ್ಟು ಬಾಗಿತು ಎಂಬುದರಿಂದ ಅಳೆಯುತ್ತಾರೆ. ಮುಗಿದ ಗೇರನ್ನು ಕೈಯಲ್ಲಿ ಹಿಡಿದು ನೋಡಿದರೆ ಅದು ಎಷ್ಟು ತೀವ್ರತೆಯಲ್ಲಿ ಆಗಿದೆ ಎಂದು ಯಾರೂ ಹೇಳಲಾರರು.

ಕ್ಯಾಡ್ಮಿಯಂ ಲೇಪನದ ಬೋಲ್ಟುಗಳ ವಿಷಯವೂ ಇಷ್ಟೇ ಮುಖ್ಯ, ಇದು ಪುಣೆಯ ಪ್ಲೇಟಿಂಗ್ ಶಾಪುಗಳಿಗೆ ನೇರವಾಗಿ ಸಂಬಂಧಿಸಿದ್ದು. ಪ್ಲೇಟಿಂಗ್ ವೇಳೆ ಗಡಸು ಉಕ್ಕಿನೊಳಗೆ, ಅದನ್ನು ಪೆಡಸು ಮಾಡುವ ಹೈಡ್ರೋಜನ್ ಸೇರುತ್ತದೆ. ಅದನ್ನು ಹೊರಗಟ್ಟಲು ಪ್ಲೇಟಿಂಗ್ ಮುಗಿದ 4 ಗಂಟೆಯೊಳಗೆ ಓವನ್ನಿಗೆ ಹಾಕಿ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೆಚ್ಚು ಗಡಸಿನ ಉಕ್ಕಾದರೆ 23 ಗಂಟೆ ಇಡಬೇಕು. ಸಂಜೆ ಪಾಳಿಯಲ್ಲಿ ಪ್ಲೇಟಿಂಗ್ ಮುಗಿಸಿ ಬೆಳಿಗ್ಗೆ ಓವನ್ನಿಗೆ ಹಾಕೋಣ ಅಂದರೆ ಆಯಿತು, ಆ ಲಾಟ್ ಹೋಯಿತು. ಬೋಲ್ಟ್ ನೋಡಲು ಹೊಳೆಯುತ್ತಿರುತ್ತದೆ, ಟಾರ್ಕ್ ಕೊಟ್ಟು ಬಿಗಿದರೂ ತಡೆಯುತ್ತದೆ, ಒಂದೆರಡು ದಿನ ಬಿಟ್ಟು ತಾನಾಗಿ ತುಂಡಾಗುತ್ತದೆ.

ಚಿಕ್ಕ ಭಾಗವೆಂದು ಕಡೆಗಣಿಸಬಾರದು ಎನ್ನುವುದಕ್ಕೆ 2022ರ ಆಗಸ್ಟ್ ಸಾಕ್ಷಿ. ಅಮೆರಿಕ ಸೇನೆ ತನ್ನ ಚಿನೂಕ್ ಪಡೆಯನ್ನೇ ಕೆಲಕಾಲ ನೆಲದಲ್ಲಿ ನಿಲ್ಲಿಸಿತು. ಎಂಜಿನ್ನುಗಳಲ್ಲಿ ಇಂಧನ ಸೋರಿ ಕೆಲವೆಡೆ ಬೆಂಕಿ ಕಾಣಿಸಿತ್ತು. ಹುಡುಕುತ್ತ ಹೋದಾಗ ಸಿಕ್ಕಿದ್ದು ಒ-ರಿಂಗ್: ನಿಗದಿತ ಗುಣಮಟ್ಟಕ್ಕೆ ಹೊಂದದ ರಬ್ಬರ್ ಉಂಗುರಗಳು ನಿರ್ವಹಣೆಯ ವೇಳೆ ಕೆಲವು ಎಂಜಿನ್ನಿನೊಳಗೆ ಸೇರಿದ್ದವು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತೇವಲ್ಲ, ಇಲ್ಲಿ ಮೂಗುತಿಯೇ ಮೂಗನ್ನು ನೆಲಕ್ಕೆಳೆದಿತ್ತು.

ರಬ್ಬರಿನ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಮುಂಬೈ, ಗೋವಾ, ಪುಣೆಯ ಹವೆಗೂ ಇದಕ್ಕೂ ನೇರ ನಂಟಿದೆ. ಪ್ರತಿ ಸೀಲಿನ ಲಕೋಟೆಯ ಮೇಲೆ ರಬ್ಬರ್ ಕ್ಯೂರ್ ಆದ (ಕಾಯಿಸಿ ಹದಗೊಳಿಸಿದ) ವರ್ಷ ಮತ್ತು ತ್ರೈಮಾಸಿಕ ಇರಲೇಬೇಕು. ನೈಟ್ರೈಲ್ ಜಾತಿಯ ರಬ್ಬರಿನ ಸೀಲಿಗೆ ಸಾಮಾನ್ಯವಾಗಿ ಅಲ್ಲಿಂದ 15 ವರ್ಷ ಆಯುಷ್ಯ, ಅದೂ ಮುಚ್ಚಿದ ಲಕೋಟೆಯಲ್ಲಿ, ಬಿಸಿಲು ಬೀಳದ, 38 ಡಿಗ್ರಿ ಮೀರದ, ತೇವಾಂಶ ಶೇ 75 ದಾಟದ ಕಪಾಟಿನಲ್ಲಿ ಇಟ್ಟಿದ್ದರೆ. ಜುಲೈ ತಿಂಗಳ ಕರಾವಳಿಯಲ್ಲಿ ಯಂತ್ರವಿಲ್ಲದೆ ಶೇ 75ರ ಕೆಳಗೆ ತೇವಾಂಶ ಇಳಿಸುವುದು ಆಗದ ಮಾತು. ಮೋಟಾರಿನ ಪಕ್ಕ ಇಡಬಾರದು, ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಸೀಳುತ್ತದೆ. ಮೊಳೆಗೆ ನೇತುಹಾಕಬಾರದು, ಒಂದೇ ಜಾಗದಲ್ಲಿ ಎಳೆತ ಬಿದ್ದು ಆಕಾರ ಕೆಡುತ್ತದೆ. ಅಳತೆ ಒಂದೇ ಎಂದು ಬೇರೆ ಜಾತಿಯ ರಬ್ಬರ್ ಹಾಕಿದರೆ ಇನ್ನೂ ಕೆಟ್ಟದು: ಇಪಿಡಿಎಂ ಉಂಗುರ ಖನಿಜ ಮೂಲದ ಹೈಡ್ರಾಲಿಕ್ ಎಣ್ಣೆಯಲ್ಲಿ ಊದಿಕೊಂಡು ಸೀಳಿಹೋಗುತ್ತದೆ. ಎರಡೂ ಕಪ್ಪಗೇ ಇರುತ್ತವೆ, ಕಣ್ಣಳತೆಯಲ್ಲಿ ಗುರುತಿಸಲಾಗದು. ಕೂರಿಸುವಾಗ ಥ್ರೆಡ್ಡಿನ ಮೇಲೆ ಟೇಪ್ ಅಥವಾ ಪ್ಲಾಸ್ಟಿಕ್ ಟೋಪಿ ಹಾಕಿ, ಆ ವ್ಯವಸ್ಥೆಯಲ್ಲಿ ಓಡುವ ಎಣ್ಣೆಯನ್ನೇ ಸವರಿ, ತಿರುಚಿಕೊಳ್ಳದಂತೆ ಜಾರಿಸಬೇಕು. ಒಮ್ಮೆ ಬಿಚ್ಚಿದ ಉಂಗುರ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕುವಂತಿಲ್ಲ.

ಗೇರ್‌ಬಾಕ್ಸಿನಂಥ ದೊಡ್ಡ ಭಾಗಗಳು ಬರುವುದು ಮುಚ್ಚಿದ ಲೋಹದ ಪೆಟ್ಟಿಗೆಯಲ್ಲಿ. ಒಳಗೆ ತೇವ ಹೀರುವ ಸಿಲಿಕಾ ಚೀಲ, ಹೊರಗಿನಿಂದ ಕಾಣುವ ಸಣ್ಣ ಕಿಟಕಿಯಲ್ಲಿ ತೇವಸೂಚಕ. ನೀಲಿ ಇದ್ದರೆ ಒಣಗಿದೆ, ಗುಲಾಬಿಗೆ ತಿರುಗಿದ್ದರೆ ಒಳಗೆ ತೇವ ಸೇರಿದೆ. ಮಳೆಗಾಲದಲ್ಲಿ ನ್ಹಾವಾ ಶೇವಾ ಬಂದರಿನಲ್ಲಿ ಕಾಗದಪತ್ರಕ್ಕಾಗಿ ವಾರಗಟ್ಟಲೆ ಕೂರುವ ಪೆಟ್ಟಿಗೆಯ ಬಳಿ ಹೋಗಿ ಆ ಬಣ್ಣ ನೋಡುವ ಹೊಣೆ ಯಾರದ್ದು ಎಂದು ಒಪ್ಪಂದದಲ್ಲೇ ಬರೆದಿರಬೇಕು. ಬೇರಿಂಗಿನ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ತುಕ್ಕಿನ ಚುಕ್ಕೆ ಬಿದ್ದರೂ ಸಾಕು, ಓಡತೊಡಗಿದ ಮೇಲೆ ಅಲ್ಲಿಂದಲೇ ಚಕ್ಕೆ ಏಳುತ್ತದೆ.

ಏಳುವ ಆ ಚಕ್ಕೆಯನ್ನು ಹಿಡಿಯಲೆಂದೇ ಎಣ್ಣೆಯ ದಾರಿಯಲ್ಲಿ ಅಯಸ್ಕಾಂತದ ಚಿಪ್ ಡಿಟೆಕ್ಟರ್ ಇರುತ್ತದೆ. ಕಣ ಅಂಟಿ ಸರ್ಕಿಟ್ ಕೂಡಿದರೆ ಕಾಕ್‌ಪಿಟ್ಟಿನಲ್ಲಿ ದೀಪ ಹತ್ತುತ್ತದೆ. ಇಳಿದ ಮೇಲೆ ಪ್ಲಗ್ ಬಿಚ್ಚಿ, ಅಂಟಿದ್ದನ್ನು ಬಿಳಿ ಫಿಲ್ಟರ್ ಕಾಗದದ ಮೇಲೆ ಒರೆಸಿ, ಭೂತಗನ್ನಡಿಯಲ್ಲಿ ನೋಡಬೇಕು. ಬೂದಿಯಂಥ ನಯವಾದ ಪುಡಿ ಸಹಜ ಸವೆತ. ತೆಳ್ಳಗೆ ಹೊಳೆಯುವ ಚಪ್ಪಟೆ ಚಕ್ಕೆಯಾದರೆ ಬೇರಿಂಗಿನ ದಾರಿ ಅಥವಾ ಗೇರಿನ ಹಲ್ಲು ಕಿತ್ತುಬರುತ್ತಿದೆ. ಅದು ಯಾವ ಉಕ್ಕು ಎಂದು ಪ್ರಯೋಗಾಲಯ ಹೇಳಿದರೆ, ಎಂ50 ಆದರೆ ಬೇರಿಂಗ್, 9310 ಆದರೆ ಗೇರ್ ಎಂದು ಬಿಚ್ಚುವ ಮೊದಲೇ ಅಂದಾಜು ಸಿಗುತ್ತದೆ. ಇಂಥ ಪರೀಕ್ಷೆ ಮಾಡಬಲ್ಲ ಲೋಹ ಪ್ರಯೋಗಾಲಯಗಳು ಪುಣೆಯಲ್ಲಿವೆ, ಅದಕ್ಕಾಗಿ ಸ್ಯಾಂಪಲ್ ಹೊರದೇಶಕ್ಕೆ ಹೋಗಬೇಕಾಗಿಲ್ಲ.

ಈಗ ಕಾಗದದ ಮಾತು. ಈ ಕ್ಷೇತ್ರದಲ್ಲಿ ಕಾಗದವಿಲ್ಲದ ಭಾಗ ಭಾಗವೇ ಅಲ್ಲ. ನೇಟೋ ಪದ್ಧತಿಯ ಸ್ಟಾಕ್ ನಂಬರ್ 13 ಅಂಕೆಯದು. ಮೊದಲ ನಾಲ್ಕು ಸರಕಿನ ವರ್ಗ: 1615 ಎಂದರೆ ಹೆಲಿಕಾಪ್ಟರ್ ರೋಟರ್ ಮತ್ತು ಗೇರ್ ವ್ಯವಸ್ಥೆ, 3110 ಬೇರಿಂಗ್, 5331 ಒ-ರಿಂಗ್, 4920 ನಿರ್ವಹಣೆಯ ವಿಶೇಷ ಉಪಕರಣ. ನಂತರದ ಎರಡು ದೇಶದ ಸಂಕೇತ, ನಮ್ಮದು 72. ನಂಬರ್ ಹೊಂದಿದ ಮಾತ್ರಕ್ಕೆ ಭಾಗ ಹಾರಲು ಯೋಗ್ಯವಾಗುವುದಿಲ್ಲ. ಉಕ್ಕಿನ ಹೀಟ್ ನಂಬರಿನಿಂದ (ಯಾವ ಸಲ ಕರಗಿಸಿದ್ದು ಎಂಬ ಗುರುತಿನಿಂದ) ಹಿಡಿದು ಎಷ್ಟು ಗಂಟೆ ಹಾರಿದೆ, ಯಾವ ಯಂತ್ರದಿಂದ ಕಳಚಿದ್ದು ಎಂಬವರೆಗೆ ಸರಪಳಿ ಕಡಿಯದೆ ಇರಬೇಕು. ಆಯುಷ್ಯ ಮುಗಿದ ಭಾಗವನ್ನು ಹೊಸದರಂತೆ ಕಂಡರೂ ಬಿಸಾಡುತ್ತಾರೆ. ಬಿಸಾಡುವ ಮೊದಲು ಕೊಯ್ದು ವಿರೂಪಗೊಳಿಸುತ್ತಾರೆ, ಮತ್ತೆ ಯಾರೂ ಜೋಡಿಸದಿರಲಿ ಎಂದು. ಗುಜರಿಯಲ್ಲಿ ಇಡಿಯಾಗಿ ಸಿಕ್ಕ ಹೆಲಿಕಾಪ್ಟರ್ ಗೇರ್ ಯಾರಾದರೂ ತಂದು ತೋರಿಸಿದರೆ ಸಂತೋಷಪಡುವ ಬದಲು ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳಿ.

ಭಾಗ ಸಿಗದಿದ್ದಾಗ ನಿಂತ ಯಂತ್ರದಿಂದ ಕಳಚಿ ಹಾರುವ ಯಂತ್ರಕ್ಕೆ ಹಾಕುವ ರೂಢಿ ಎಲ್ಲ ದೇಶಗಳಲ್ಲೂ ಇದೆ. ತುರ್ತಿಗೆ ಸರಿ. ಆದರೆ ಕೆಲಸ ಎರಡರಷ್ಟು, ಸೀಲುಗಳು ಎರಡು ಜೊತೆ, ಕಳಚುವಾಗ ಮುರಿಯುವ ಕನೆಕ್ಟರುಗಳು ಲೆಕ್ಕಕ್ಕಿಲ್ಲ. ನಿಂತದ್ದು ತಿಂಗಳು ಕಳೆದಂತೆ ಎದ್ದೇಳಲಾರದ ಹಾಗೆ ಬರಿದಾಗುತ್ತದೆ. 15ರಂಥ ಚಿಕ್ಕ ಪಡೆಯಲ್ಲಿ ಹೀಗೆ ಒಂದನ್ನು ಬಲಿಗೊಟ್ಟರೂ ಅದರ ಪೆಟ್ಟು ದೊಡ್ಡದು.

ಹಾಗಾದರೆ ನಮ್ಮ ವರ್ಕ್‌ಶಾಪುಗಳಿಗೆ ದಾರಿ ಇಲ್ಲವೆ? ಇದೆ, ಮತ್ತು ಚೆನ್ನಾಗಿಯೇ ಇದೆ. ಚಿನೂಕ್‌ನ ಹಿಂಭಾಗದ ಪೈಲಾನ್ (ಹಿಂದಿನ ರೋಟರನ್ನು ಹೊರುವ ಎತ್ತರದ ಭಾಗ) ಮತ್ತು ಸರಕು ಇಳಿಸುವ ರ‍್ಯಾಂಪ್ ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿಯಲ್ಲಿ ತಯಾರಾಗಿ ಬೋಯಿಂಗ್‌ಗೆ ಹೋಗುತ್ತವೆ. ಗೋವಾದ ಸತ್ತರಿಯಲ್ಲಿ ಎಚ್‌ಎಎಲ್ ಮತ್ತು ಫ್ರಾನ್ಸಿನ ಸಫ್ರಾನ್ ಕಂಪನಿ ಸೇರಿ ಹೆಲಿಕಾಪ್ಟರ್ ಎಂಜಿನ್ ದುರಸ್ತಿ ಕೇಂದ್ರ ಕಟ್ಟಿವೆ. ಅದು ಹಗುರ ಹೆಲಿಕಾಪ್ಟರುಗಳ ಎಂಜಿನ್ನಿಗೆ, ಆದರೂ ಟರ್ಬೈನ್ ಬಿಚ್ಚಿ ಜೋಡಿಸುವ ಕೈಗಳು ಅಲ್ಲಿ ತಯಾರಾಗುತ್ತವೆ. ಇವೆರಡರಲ್ಲೂ ಮೂಲ ತಯಾರಕರ ಡ್ರಾಯಿಂಗ್, ಅವರ ಒಪ್ಪಿಗೆ, ಅವರ ತಪಾಸಣೆ ಇದೆ. ದಾರಿ ಅದೇ.

ಹೊಸದಾಗಿ ಬರುವವರು ನೆಲದ ಮೇಲಿನ ಸಾಮಾನಿನಿಂದ ಶುರು ಮಾಡಲಿ. ಟೋ ಬಾರ್, ಎಂಜಿನ್ ಇಳಿಸುವ ಸ್ಟ್ಯಾಂಡ್, ಬ್ಲೇಡ್ ಇಡುವ ತೊಟ್ಟಿಲು, ಕೆಲಸದ ಮೆಟ್ಟಿಲು, ಗಾಳಿ ಬಾಯಿಗಳ ಮುಚ್ಚಳ, ಪೆಟ್ಟಿಗೆಗಳು. ಇವಕ್ಕೂ ಡ್ರಾಯಿಂಗಿನಲ್ಲಿ ಹೇಳಿದಷ್ಟು ಪ್ರೂಫ್ ಲೋಡ್ (ಪರೀಕ್ಷೆಯ ಭಾರ) ಕೊಟ್ಟು, ವೆಲ್ಡನ್ನು ಬಿರುಕು ಹುಡುಕುವ ಪರೀಕ್ಷೆಗಳಾದ ಡೈ ಪೆನಿಟ್ರಂಟ್ ಅಥವಾ ಮ್ಯಾಗ್ನೆಟಿಕ್ ಪಾರ್ಟಿಕಲ್‌ನಿಂದ ನೋಡಿ, ದಾಖಲೆ ಕೊಡಬೇಕು. ಎಂಜಿನ್ ಸ್ಟ್ಯಾಂಡಿನ ಒಂದು ವೆಲ್ಡ್ ಬಿಟ್ಟರೆ ಕೋಟಿಗಟ್ಟಲೆ ಬೆಲೆಯ ಎಂಜಿನ್ ಕಾಂಕ್ರೀಟಿನ ಮೇಲೆ ಬೀಳುತ್ತದೆ. ರಕ್ಷಣಾ ಸಚಿವಾಲಯದ ಸೃಜನ್ ಪೋರ್ಟಲ್‌ನಲ್ಲಿ ಹೊರದೇಶದಿಂದ ತರಿಸುವ ಸಾಮಾನುಗಳ ಪಟ್ಟಿ 2020ರಿಂದಲೂ ಇದೆ, ಅಲ್ಲಿ ಹುಡುಕಬಹುದು. ವಿಮಾನೋದ್ಯಮದ ಗುಣಮಟ್ಟ ವ್ಯವಸ್ಥೆಗೆ ಕೊಡುವ ಎಎಸ್9100 ಪ್ರಮಾಣಪತ್ರ ಮೊದಲು, ಹೀಟ್ ಟ್ರೀಟ್‌ಮೆಂಟ್ ಮತ್ತು ಪ್ಲೇಟಿಂಗಿನಂಥ ವಿಶೇಷ ಪ್ರಕ್ರಿಯೆಗಳಿಗೆ ಕೊಡುವ ನ್ಯಾಡ್‌ಕ್ಯಾಪ್ ಮಾನ್ಯತೆ ಆಮೇಲೆ. ಮೊದಲ ತುಂಡಿನ ತಪಾಸಣೆಯಲ್ಲಿ ಡ್ರಾಯಿಂಗಿನ ಪ್ರತಿ ಅಳತೆಗೂ, ಪ್ರತಿ ಟಿಪ್ಪಣಿಗೂ ನಂಬರ್ ಹಾಕಿ ಎದುರಿಗೆ ಫಲಿತಾಂಶ ಬರೆಯಬೇಕು. ಹೆಚ್ಚಿನವರು ಎಡವುವುದು ಟಿಪ್ಪಣಿಗಳಲ್ಲಿ. ಹಾರುವ ಭಾಗಕ್ಕೆ ಬಂದರೆ ಸೇನಾ ವಿಮಾನಗಳ ಹಾರಾಟ ಯೋಗ್ಯತೆಯನ್ನು ಪ್ರಮಾಣೀಕರಿಸುವ ಬೆಂಗಳೂರಿನ ಸೆಮಿಲ್ಯಾಕ್‌ನ ಒಪ್ಪಿಗೆ, ರಕ್ಷಣಾ ಸಚಿವಾಲಯದ ವೈಮಾನಿಕ ಗುಣಮಟ್ಟ ವಿಭಾಗವಾದ ಡಿಜಿಎಕ್ಯೂಎ ತಪಾಸಣೆ ಬಿಟ್ಟು ಬೇರೆ ಅಡ್ಡದಾರಿಯಿಲ್ಲ.

ಸರ್ಕಾರದಿಂದ ನಾವು ಕೇಳುವುದು ಬಿಡಿಭಾಗದ ಚೌಕಾಸಿಗಿಂತ ದೊಡ್ಡದು. ಮುಂದಿನ ಭಾರೀ ಹೆಲಿಕಾಪ್ಟರ್ ಖರೀದಿಯಾಗಲಿ, ಈಗಿರುವ ಚಿನೂಕ್‌ಗಳ ನಿರ್ವಹಣೆಯ ಒಪ್ಪಂದವಾಗಲಿ, ಗೇರ್‌ಬಾಕ್ಸ್ ಮತ್ತು ರೋಟರ್ ಹೆಡ್ಡಿನ ಓವರ್‌ಹಾಲ್ ಭಾರತದಲ್ಲೇ ಆಗುವಂತೆ ಷರತ್ತು ಹಾಕಬೇಕು. ಟೆಸ್ಟ್ ಬೆಂಚ್, ಅಳತೆಯ ಗೇಜುಗಳು, ಸವೆತದ ಮಿತಿ ಹೇಳುವ ಓವರ್‌ಹಾಲ್ ಕೈಪಿಡಿ ಇವು ಯಂತ್ರದ ಜೊತೆಗೇ ಬರಬೇಕು, ಹತ್ತು ವರ್ಷ ಕಳೆದ ಮೇಲೆ ಬೇರೆ ಬೆಲೆಗಲ್ಲ. ಬಿಡಿ ಗೇರ್‌ಬಾಕ್ಸುಗಳ ಸಂಖ್ಯೆಯನ್ನು ಓವರ್‌ಹಾಲ್‌ಗೆ ಹೋಗಿ ಬರುವ ತಿಂಗಳುಗಳ ಲೆಕ್ಕದಲ್ಲಿ ನಿಗದಿ ಮಾಡಬೇಕು. ಸಂಖ್ಯೆ ಒಂದೆರಡು ಕಡಿಮೆಯಾದರೂ ಅಷ್ಟು ಹೆಲಿಕಾಪ್ಟರುಗಳು ಹ್ಯಾಂಗರಿನಲ್ಲೇ ಕೂರುತ್ತವೆ. ತಮ್ಮ ಪತ್ರಿಕೆಯ ವರದಿಗಾರರು ಇಂಥ ಖರೀದಿಯ ಸುದ್ದಿ ಬರೆಯುವಾಗ ಎಷ್ಟು ಹೆಲಿಕಾಪ್ಟರ್, ಎಷ್ಟು ಕೋಟಿ ಎಂಬುದರ ಜೊತೆಗೆ ಎಷ್ಟು ಬಿಡಿ ಎಂಜಿನ್, ಎಷ್ಟು ಬಿಡಿ ಗೇರ್‌ಬಾಕ್ಸ್, ಓವರ್‌ಹಾಲ್ ಯಾವ ಊರಿನಲ್ಲಿ ಎಂಬ ಮೂರು ಪ್ರಶ್ನೆಗಳನ್ನೂ ಅಧಿಕಾರಿಗಳ ಮುಂದಿಡಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಭೋಸರಿ, ಚಾಕಣ ಕೈಗಾರಿಕಾ ಪ್ರದೇಶದ ಕೆಲವು ಕನ್ನಡಿಗ ತಂತ್ರಜ್ಞರು
ಪುಣೆ